ಎರೆಹುಳಕ್ಕೆ ವಿಭೂತಿ

ನಾನು ಗಂಡನ ಮನೆಗೆ ಬಂದದ್ದು ಒಂದು ಥರ್ಮಾಕೋಲ್ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು. ಅಕ್ಷತೆ ಕಾಳು ಇನ್ನೂ ತಲೆಯಲ್ಲೇ ಇದ್ದವು, ಮೇ ತಿಂಗಳ ಬಿಸಿಲು ಕಾರಿನ ಗಾಜನ್ನು ಸುಡುತ್ತಿತ್ತು. ಇಂಡಿಯಿಂದ ಬಸವನ ಬಾಗೇವಾಡಿಯವರೆಗೂ ಆ ಡಬ್ಬಿಯನ್ನು ನಾನು ಯಾರ ಕೈಗೂ ಕೊಡಲಿಲ್ಲ. ಹಿಂದಿನ ಸೀಟಿನಲ್ಲಿದ್ದ ಬೀಗರ ಕಡೆಯ ಹೆಂಗಸರಲ್ಲಿ ಒಬ್ಬರು ಬಂಗಾರ ಅಂದರು, ಇನ್ನೊಬ್ಬರು ಐಸ್‌ಕ್ರೀಂ ಅಂದರು. ಐಸ್‌ಕ್ರೀಂ ಅಂದವರು ಮುಚ್ಚಳಕ್ಕೆ ಕೈ ಹಾಕಿಯೇಬಿಟ್ಟರು. ನಾನು ಮದುವಣಗಿತ್ತಿ ಅನ್ನುವುದನ್ನೂ ಮರೆತು ಅವರ ಕೈಗೆ ಫಟ್ ಅಂತ ಒಂದು ಏಟು ಕೊಟ್ಟೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ, ಮುಚ್ಚಿಡುವುದೇಕೆ.

ಹೊಸ್ತಿಲಲ್ಲಿ ಅತ್ತೆ ಆರತಿ ಹಿಡಿದು ನಿಂತಿದ್ದರು. ಅಕ್ಕಿ ತುಂಬಿದ ಸೇರು ಒದ್ದು ಒಳಗೆ ಹೋಗಬೇಕು.

"ಡಬ್ಬಿ ಕೆಳಗ ಇಡವಾ. ಏನೈತಿ ಅದರಾಗ?" ಅಂದರು.

"ನ್ಯೂಟ್ ಐತ್ರಿ, ಅತ್ತಿ."

"ಏನ ಅಂದಿ?"

"ಕಪ್ಪಿ ಬಳಗದ್ದು ರೀ. ನೋಡಾಕ ಹಲ್ಲಿ ಇದ್ದಂಗ ಇರತೈತಿ."

ಅಂಗಳದಲ್ಲಿದ್ದವರೆಲ್ಲ ಕತ್ತು ಚಾಚಿ ಡಬ್ಬಿ ನೋಡಿದರು. ಆಮೇಲೆ ಹಿಂದಿನಿಂದ ಯಾರೋ, "ಹಲ್ಲಿ ತಂದಾಳಂತ!" ಅಂದರು. ಆ ಮಾತು ನಾನು ಸೇರು ಒದೆಯುವಷ್ಟರಲ್ಲಿ ಓಣಿಯ ಕೊನೆಯ ಮನೆ ಮುಟ್ಟಿತ್ತು. ಗಂಡ ನೆಲ ನೋಡುತ್ತಾ ನಿಂತಿದ್ದರು. ಹೆಣ್ಣು ನೋಡಲು ಬಂದಾಗಲೇ ಅವರಿಗೆ, ನನ್ನ ಜೊತೆ ಇದೂ ಬರುತ್ತದೆ ಅಂತ ಹೇಳಿದ್ದೆ. ಚೇಷ್ಟೆ ಅಂದುಕೊಂಡು ನಕ್ಕಿದ್ದರಂತೆ.

ಸೋಲಾಪುರದಲ್ಲಿ ಪ್ರಾಣಿಶಾಸ್ತ್ರ ಓದುವಾಗ ಬಣ್ಣದ ಮೀನು ಮಾರುವ ಅಂಗಡಿಯೊಂದರಲ್ಲಿ ಇವು ನನ್ನ ಕಣ್ಣಿಗೆ ಬಿದ್ದವು. ಪುಸ್ತಕದಲ್ಲಿ ಚಿತ್ರ ನೋಡಿ, ಭಾಗಗಳನ್ನು ಗುರುತಿಸಿ ಅಂಕ ತೆಗೆದುಕೊಂಡಿದ್ದ ಪ್ರಾಣಿ ಎದುರಿಗೆ ಈಜುತ್ತಿತ್ತು! ಸಲಾಮಾಂಡರ್ ಕುಲದ್ದು. ಬೆರಳುದ್ದ ಮೈ, ಕಪ್ಪು ಬೆನ್ನು, ತಿರುಗಿಸಿದರೆ ಹೊಟ್ಟೆ ಕೆಂಪು, ಮೇಲೆ ಕಪ್ಪು ಚುಕ್ಕೆ. ಎರಡನ್ನು ತಂದೆ. ಓದು ಮುಗಿಸಿ ಏಪ್ರಿಲ್‌ನಲ್ಲಿ ಊರಿಗೆ ಹೊರಟಾಗ ಒದ್ದೆ ಬಟ್ಟೆ ಸುತ್ತಿದ ಡಬ್ಬಿಯಲ್ಲಿಟ್ಟುಕೊಂಡು ಬಸ್ ಹತ್ತಿದೆ. ಇವು ತಂಪು ದೇಶದವು, ನಮ್ಮ ಬಿಸಿಲು ತಡೆಯುವುದಿಲ್ಲ ಅಂತ ಪರೀಕ್ಷೆಯಲ್ಲಿ ಬರೆದಿದ್ದವಳಿಗೆ ಬಸ್ಸಿನಲ್ಲಿ ಬುದ್ಧಿ ಬರಲಿಲ್ಲ. ಇಂಡಿ ಬಸ್ ನಿಲ್ದಾಣದಲ್ಲಿ ಮುಚ್ಚಳ ತೆಗೆದರೆ ಒಂದು ಸತ್ತಿತ್ತು. ನನ್ನ ತೊಡೆಯ ಮೇಲೆಯೇ, ನಾನು ಕಿಟಕಿಯಿಂದ ನಿಂಬೆ ತೋಟ ನೋಡುತ್ತಾ ಕೂತಿದ್ದಾಗ ಸತ್ತಿತ್ತು. ಉಳಿದದ್ದನ್ನು ಸಾಯಗೊಡುವುದಿಲ್ಲ ಅಂತ ಅವತ್ತೇ ನನ್ನ ಮೇಲೆ ನಾನೇ ಆಣೆ ಇಟ್ಟುಕೊಂಡೆ.

ತವರಿನ ಮನೆ ಪತ್ರಾಸಿನದು, ತಗಡಿನ ಮಾಡು. ಬೇಸಿಗೆಯಲ್ಲಿ ಒಳಗೆ ಕೂತರೆ ಹಪ್ಪಳ ಸುಟ್ಟುಕೊಳ್ಳಬಹುದು. ಮದುವೆಯವರೆಗೂ ತಾಸಿಗೊಮ್ಮೆ ತೊಟ್ಟಿಯ ನೀರಿಗೆ ಐಸ್ ಬಾಟಲಿ ಇಳಿಬಿಡುತ್ತಾ, ಫ್ರಿಜ್ಜಿನಲ್ಲಿ ಹಾಲಿಗೆ ಜಾಗವಿಲ್ಲ ಅಂತ ಅವ್ವನಿಂದ ಬೈಸಿಕೊಳ್ಳುತ್ತಾ ಕಾಲ ತಳ್ಳಿದೆ. ಗಂಡನ ಮನೆ ನೋಡಿದಾಗ ಮೊದಲು ಖುಷಿಪಟ್ಟದ್ದು ಅದರ ಗೋಡೆಗೆ. ಎರಡು ಮೊಳದ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ಜೋಳದ ಚೀಲ ಇಡುವ ಒಳಕೋಣೆಯಲ್ಲಿ ಮೇ ತಿಂಗಳ ಮಧ್ಯಾಹ್ನವೂ ಪಾದಕ್ಕೆ ತಂಪು ಹತ್ತುತ್ತಿತ್ತು. ಗಂಡ ಹೆಂಗಿದ್ದಾನೆ ಅಂತ ಗೆಳತಿಯರು ಫೋನಿನಲ್ಲಿ ಕೇಳಿದರೆ ನಾನು ಗೋಡೆ ಹೆಂಗಿವೆ ಅಂತ ಹೇಳುತ್ತಿದ್ದೆ.

ನ್ಯೂಟಿನ ನೀರಿನ ತೊಟ್ಟಿಯನ್ನು ಆ ಒಳಕೋಣೆಯಲ್ಲೇ ಇಟ್ಟೆ. ನಾಲ್ಕು ದಿನ ಎಲ್ಲ ಚೆನ್ನಾಗಿತ್ತು. ಐದನೆಯ ದಿನ ನ್ಯೂಟ್ ನೀರು ಬಿಟ್ಟು ತೊಟ್ಟಿಯ ಕಲ್ಲಿನ ಮೇಲೆ ಹತ್ತಿ ಕೂತಿತು. ಹಿಡಿದು ನೀರಿಗೆ ಬಿಟ್ಟೆ, ಮತ್ತೆ ಹತ್ತಿತು. ಮೂರು ಸಲ ಬಿಟ್ಟೆ, ಮೂರು ಸಲವೂ ಹತ್ತಿತು. ಚರ್ಮ ಒರಟಾಗಿತ್ತು, ಬಾಲ ಸಪೂರವಾಗಿತ್ತು. ಆಗ ತಿಳಿಯಿತು. ಬದುಕಿನ ಒಂದು ಭಾಗವನ್ನು ಇವು ನೆಲದ ಮೇಲೆ ಕಳೆಯುತ್ತವೆ, ಇದರ ನೀರಿನ ಕಾಲ ಮುಗಿದಿದೆ. ನನಗೋ ಸಂಭ್ರಮ, ಕಣ್ಣೆದುರಿಗೇ ನಡೆಯುತ್ತಿದೆಯಲ್ಲ ಅಂತ! ಮಾವನವರು ಹಳೆಯ ಹರವಿ ಒಂದನ್ನು ಕೊಟ್ಟರು, ಅಗಲ ಬಾಯಿಯ ಮಣ್ಣಿನ ಗಡಿಗೆ ಅದು. ಒಳಕೋಣೆಯ ಮೂಲೆಯಲ್ಲಿ ಒದ್ದೆ ಉಸುಕು ಸುರಿದು ಅದರಲ್ಲಿ ಹರವಿಯನ್ನು ಅರ್ಧ ಹೂತು, ಒಳಗೆ ಮಣ್ಣು, ಪಾಚಿ, ಒಂದು ಹಂಚಿನ ಚೂರು ಇಟ್ಟು ಮನೆ ಮಾಡಿದೆ.

ಆದರೆ ಊಟ? ನೀರಿನಲ್ಲಿದ್ದಾಗ ಡಬ್ಬಿಯ ಒಣ ಗುಳಿಗೆ ತಿನ್ನುತ್ತಿತ್ತು. ನೆಲಕ್ಕೆ ಬಂದ ಮೇಲೆ ಅದನ್ನು ಮೂಗಿನ ಮುಂದಿಟ್ಟರೂ ತಿರುಗಿ ನೋಡಲಿಲ್ಲ. ನೆಲದ ಮೇಲಿನ ನ್ಯೂಟಿಗೆ ಅಲುಗಾಡದ್ದು ಅನ್ನವೇ ಅಲ್ಲ. ಜೀವಂತ ಇರಬೇಕು, ಕಣ್ಣೆದುರಿಗೆ ಹೊರಳಬೇಕು, ಆಗ ಬಾಯಿ ತೆರೆಯುತ್ತದೆ.

"ಹುಳಾ ತಾನ? ಅದಕ್ಯಾಕ ಚಿಂತಿ?" ಅಂತ ಮಾವ ಎದ್ದೇಬಿಟ್ಟರು. ಹಿತ್ತಲಲ್ಲಿ ಅವರದೊಂದು ಎರೆಗೊಬ್ಬರದ ತೊಟ್ಟಿ. ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಅದರ ದರ್ಶನ ಮಾಡಿಸುತ್ತಿದ್ದರು. ಒಂದು ಮುಷ್ಟಿ ಕೆಂಪು ಹುಳ ತಂದರು. ಒಂದನ್ನು ಬಿಟ್ಟೆ. ನ್ಯೂಟ್ ತಲೆ ಎತ್ತಿತು, ಕುತ್ತಿಗೆ ವಾರೆ ಮಾಡಿತು, ಗಬಕ್ ಅಂತ ಹಿಡಿಯಿತು! ನಾನೂ ಮಾವನೂ ಒಟ್ಟಿಗೇ "ಹೇ!" ಅಂದೆವು. ಅಷ್ಟರಲ್ಲೇ ಥೂ ಅಂತ ಉಗುಳಿತು. ಮುಂಗಾಲಿನಿಂದ ಬಾಯಿ ಒರೆಸಿಕೊಂಡಿತು, ಒಂದು ಕಡೆ, ಆಮೇಲೆ ಇನ್ನೊಂದು ಕಡೆ. ಇನ್ನೊಂದು ಹುಳ ಕೊಟ್ಟೆ, ಅದನ್ನೂ ಉಗುಳಿತು. ಮೂರನೆಯದಕ್ಕೆ ಬೆನ್ನು ತಿರುಗಿಸಿ ಹಂಚಿನ ಕೆಳಗೆ ಹೋಯಿತು.

"ನನ್ನ ಹುಳಕ್ಕೇನಾಗೈತಿ?" ಮಾವನ ಮುಖ ಸಣ್ಣದಾಯಿತು. "ಮುದ್ದೇಬಿಹಾಳ, ನಾಲತವಾಡದಿಂದ ಬಂದು ಒಯ್ತಾರ ಇವನ್ನ! ಇದರ ಬಾಯೇ ಸರಿ ಇಲ್ಲ ಬಿಡು."

ಮೊಬೈಲಿನಲ್ಲಿ ಹುಡುಕಿ ಹುಡುಕಿ ಓದಿದೆ. ಗೊಬ್ಬರದ ಕೆಂಪು ಹುಳಕ್ಕೆ ಗಾಬರಿಯಾದರೆ ಮೈಯಿಂದ ಹಳದಿ ರಸ ಬಿಡುತ್ತದಂತೆ, ಕಹಿ, ನಾತ. ಮಾವನಿಗೆ ಓದಿ ಹೇಳಿದೆ. ಎರಡು ದಿನ ಅವರು ನನ್ನೊಡನೆ ಮಾತು ಬಿಟ್ಟರು.

ಅತ್ತೆಯದು ಬೇರೆಯೇ ತಕರಾರು. ಅವರು ಇರುವೆ ಸಾಲು ಕಂಡರೆ ಕಸಬರಿಗೆ ಎತ್ತಿಟ್ಟು ಕಾಯುವವರು. ನೆಲ್ಲಿ ಗಾತ್ರದ ಬೆಳ್ಳಿ ಕರಡಿಗೆಯಲ್ಲಿ ಲಿಂಗ, ಹಣೆಯ ತುಂಬ ವಿಭೂತಿ, ನಸುಕಿನಲ್ಲಿ ಪೂಜೆ ಮುಗಿಯದೆ ನೀರೂ ಇಲ್ಲ. ಅಂಥವರ ಮನೆಯಲ್ಲಿ ಸೊಸೆ ಜೀವಂತ ಹುಳ ಹಿಡಿದು ಇನ್ನೊಂದು ಪ್ರಾಣಿಯ ಬಾಯಿಗೆ ಕೊಡುತ್ತೇನೆ ಅಂತಾಳೆ.

"ಇದೊಂದು ನಮ್ಮ ಮನ್ಯಾಗ ಬ್ಯಾಡವಾ," ಅಂದರು.

"ಗೋಡಿ ಮ್ಯಾಲಿನ ಹಲ್ಲಿ ಹುಳಾ ತಿನ್ನಂಗಿಲ್ಲೇನ್ರಿ? ಅದರ ಪಾಪ ಯಾರಿಗೆ?"

"ಹಲ್ಲಿಗೆ. ನಾ ಅದಕ್ಕ ತಾಟ ಹಚ್ಚಿ ಕೊಡಂಗಿಲ್ಲ."

ನನಗೆ ಸಿಟ್ಟು ಮಾತ್ರ ಬಂತು. ಅವರು ಹೋಗುತ್ತಾ ಹರವಿಯೊಳಗೆ ಬಗ್ಗಿ ನೋಡಿ, "ಲೊಚ್ ಅನ್ನೂದೂ ಗೊತ್ತಿಲ್ಲ, ಎಂಥಾ ಹಲ್ಲಿನೋ ಏನೋ," ಅಂದರು.

ವಾರ ಕಳೆಯಿತು, ಇನ್ನೊಂದು ಕಳೆಯಿತು. ಕೆಂಪು ಹುಳದ ರುಚಿ ನೋಡಿದ ಮೇಲೆ ಅದಕ್ಕೆ ಹುಳದ ಮೇಲೆಯೇ ನಂಬಿಕೆ ಹೋಗಿತ್ತೋ ಏನೋ, ನಾನು ಹಿಡಿದ ಸಣ್ಣ ಮಿಡತೆಯನ್ನೂ ಮೂಸಲಿಲ್ಲ. ಹೊಟ್ಟೆ ಒಳಗೆ ಹೋಯಿತು. ಬಾಲದ ಬುಡದಲ್ಲಿ ಸೊಂಟದ ಎಲುಬು ಎರಡೂ ಎದ್ದು ಕಂಡವು. ನಾನು ಹೋಳಿಗೆ ಊಟಕ್ಕೆ ಕೂತರೂ ಆ ಎಲುಬುಗಳೇ ಕಣ್ಣೆದುರಿಗೆ ಬರುತ್ತಿದ್ದವು. ಸುತ್ತಲಿನ ಹೊಲಗಳಲ್ಲಿ ಔಷಧ ಹೊಡೆದಿದ್ದರು, ಅಲ್ಲಿನ ಹುಳ ಕೊಟ್ಟರೆ ವಿಷ ಕೊಟ್ಟಂತೆ. ಔಷಧ ಕಾಣದ ನೆಲ ಬೇಸಿಗೆಗೆ ಬಿರುಕು ಬಿಟ್ಟು ಹುಳಗಳೆಲ್ಲ ಪಾತಾಳಕ್ಕಿಳಿದಿದ್ದವು. ಮಳೆಗಾಗಿ ನಾನು ಕಾದಷ್ಟು ಆ ವರ್ಷ ಯಾವ ರೈತರೂ ಕಾದಿರಲಿಕ್ಕಿಲ್ಲ.

ಮಳೆ ಬಂತು. ಅದರ ಹಿಂದೆಯೇ ಮಣ್ಣೆತ್ತಿನ ಅಮಾವಾಸ್ಯೆ ಬಂತು. ನಮ್ಮ ಕಡೆ ಆ ದಿನ ಎರೆ ಮಣ್ಣಿನಲ್ಲಿ ಜೋಡೆತ್ತು ಮಾಡಿ ಪೂಜಿಸುತ್ತೇವೆ. ಕೊಂಡು ತಂದ ಎತ್ತು ಅತ್ತೆಗೆ ನಡೆಯುವುದಿಲ್ಲ. ಹಳ್ಳದ ದಂಡೆಗೆ ಹೋಗಿ, ಕೈಯಾರೆ ಅಗೆದು ಬುಟ್ಟಿಯಲ್ಲಿ ಮಣ್ಣು ತರುತ್ತಾರೆ. ತಂದು ಪಡಸಾಲೆಯಲ್ಲಿ ಕೂತು ನಾದತೊಡಗಿದರು. ನಾನು ಎತ್ತಿನ ಕೋಡು ತೀಡುತ್ತಿದ್ದೆ.

ಅವರು ಮುದ್ದೆ ಮುರಿದರು. ಒಳಗಿನಿಂದ ಬೂದು ಬಣ್ಣದ, ದಾರದಂಥ ಎರೆಹುಳ ಒಂದು ಹೊರಗೆ ಇಣುಕಿತು.

"ಅಯ್ಯ, ಪಾಪ," ಅಂದರು ಅತ್ತೆ. ತುಳಸಿ ಕಟ್ಟೆಗೆ ಬಿಡಲು ಎರಡು ಬೆರಳಿನಲ್ಲಿ ಮೆಲ್ಲಗೆ ಎತ್ತಿದರು.

ನಾನು ತಡಮಾಡಲಿಲ್ಲ. ಕಸಿದುಕೊಂಡೆ ಅನ್ನುವುದೇ ಸರಿ. ಕೆಸರು ಕೈಯಲ್ಲೇ ಒಳಕೋಣೆಗೆ ಓಡಿ, ನೀರಿನಲ್ಲಿ ಅದ್ದಿ, ಹರವಿಯೊಳಗೆ ನ್ಯೂಟಿನ ಮೂತಿಯ ಮುಂದೆ ಬಿಟ್ಟೆ. ಹುಳ ಒಮ್ಮೆ ಹೊರಳಿತು. ನ್ಯೂಟ್ ಅಲುಗಲಿಲ್ಲ. ಹುಳ ಇನ್ನೊಮ್ಮೆ ಹೊರಳಿತು. ನ್ಯೂಟಿನ ತಲೆ ಸ್ವಲ್ಪ ವಾರೆಯಾಯಿತು. ಒಂದು ಕಾಲು ಎತ್ತಿ ಇಟ್ಟಿತು, ಇನ್ನೊಂದು ಇಟ್ಟಿತು. ಮೂಗು ಹುಳಕ್ಕೆ ತಾಗುವಷ್ಟು ಹತ್ತಿರ ಬಂದು ನಿಂತಿತು, ನಿಂತೇ ಇತ್ತು. ಆಮೇಲೆ ಫಟ್! ಹಿಡಿಯಿತು. ಹುಳ ಅದರ ಕುತ್ತಿಗೆಗೆ ಸುತ್ತಿಕೊಂಡಿತು, ನ್ಯೂಟ್ ತಲೆ ಕೊಡವಿತು, ಮುಂಗಾಲಿನಿಂದ ಹುಳದ ತುದಿಯನ್ನು ಬಾಯಿಗೆ ತಳ್ಳಿಕೊಂಡಿತು, ಮತ್ತೆ ಕೊಡವಿತು. ಉಗುಳಲಿಲ್ಲ! ಎರಡೂ ಕಣ್ಣು ಮುಚ್ಚಿ ನುಂಗಿತು.

"ತಿಂತ್ರೀ! ಅತ್ತೀ, ತಿಂತ್ರೀ!" ಅಂತ ಕೂಗಿಕೊಂಡೆ. ತಿರುಗಿ ನೋಡಿದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು, ಎರಡೂ ಕೈ ಮಣ್ಣು.

"ಕಣ್ಣ ಮುಚ್ಚಿ ನುಂಗತೈತಲ್ಲ," ಅಂದರು. "ದೇವರ ನೆನಸತೈತೇನ?"

ಹಾಗಲ್ಲ, ಅದರ ಕಣ್ಣುಗುಡ್ಡೆ ಒಳಗೆ ಇಳಿದು ತುತ್ತನ್ನು ಗಂಟಲಿಗೆ ನೂಕುತ್ತದೆ ಅಂತ ನಾನು ಪಾಠ ಶುರು ಮಾಡಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ ಗೊತ್ತಿಲ್ಲ, ಹೋಗಿ ಎತ್ತಿನ ಬೆನ್ನು ನುಣುಪು ಮಾಡತೊಡಗಿದರು. ಆ ಬುಟ್ಟಿ ಮಣ್ಣಿನಲ್ಲಿ ಇನ್ನೊಂದು ಹುಳ ಸಿಕ್ಕಿತು. ಅದನ್ನೂ ತಿಂದಿತು. ಅವತ್ತು ನಮ್ಮ ಮಣ್ಣೆತ್ತಿಗೆ ಒಂದು ಕೋಡು ಗಿಡ್ಡವಾಯಿತು, ಯಾರಿಗೆ ಬೇಕಿತ್ತು ಅದರ ಲಕ್ಷ್ಯ.

ಆದರೆ ಮರುದಿನವೇ ಆಷಾಢ. ಹೊಸ ಸೊಸೆ ಆ ತಿಂಗಳು ತವರಿನಲ್ಲಿರಬೇಕು. ಅತ್ತೆ ಸೊಸೆ ಒಂದೇ ಮಾಡಿನ ಕೆಳಗೆ ಇರಬಾರದು, ಒಂದೇ ಹೊಸ್ತಿಲು ದಾಟಬಾರದು, ಅತ್ತೆಗೆ ಕೇಡು ಅಂತ ಹಿರಿಯರು ಮಾಡಿಟ್ಟದ್ದು. ಸಂಜೆ ಅಣ್ಣ ಬೈಕ್ ತಂದು ಅಂಗಳದಲ್ಲಿ ನಿಲ್ಲಿಸಿದ. ನ್ಯೂಟನ್ನು ಒಯ್ಯುವುದು ಎಲ್ಲಿಗೆ? ಆ ಪತ್ರಾಸಿನ ಮನೆಗೆ? ಎರಡೇ ಹುಳ ಹೊಟ್ಟೆಗೆ ಬಿದ್ದ, ಎಲುಬೆದ್ದ ಪ್ರಾಣಿ ಆ ದಾರಿ ತಾಳುತ್ತಿರಲಿಲ್ಲ. ಬಿಟ್ಟು ಹೋದರೆ ಹುಳ ಹಾಕುವವರು ಯಾರು? ಗಂಡ ಬೆಳಿಗ್ಗೆ ಎದ್ದು ನಿಡಗುಂದಿಗೆ ಕೆಲಸಕ್ಕೆ ಹೋಗುವವರು, ಮೇಲಾಗಿ ಎರೆಹುಳ ಕಂಡರೆ ಮಂಚ ಹತ್ತುವ ಗಂಡಸು. ಮಾವ ಬೇಡ, ಅವರು ತಮ್ಮ ಕೆಂಪು ಹುಳದ ಮಾನ ಉಳಿಸಲು ಮತ್ತೆ ಅದನ್ನೇ ಹಾಕುವವರೇ.

ನಾನು ಒಳಕೋಣೆಯಲ್ಲಿ ಕೂತು ಗಳಗಳ ಅತ್ತುಬಿಟ್ಟೆ. ಅಳುವುದಕ್ಕೆ ನಾಚಿಕೆ ಏನು ಬಂತು.

"ನಾ ಹಾಕ್ತೇನಿ, ಏಳು," ಅಂದರು ಅತ್ತೆ ಬಾಗಿಲಿಂದ.

"ನೀವ?"

"ಹೊಟ್ಟಿ ಹಸದ ಜೀವ ಮನ್ಯಾಗ ಇಟಕೊಂಡು ನಾ ಹೆಂಗ ಉಣ್ಣಲಿ? ಹೆಂಗ ಹಾಕೂದು, ತೋರಸು."

ಕಣ್ಣೀರು ಒರೆಸಿಕೊಳ್ಳುತ್ತಾ ಹೇಳಿಕೊಟ್ಟೆ. ಹಳ್ಳದ ದಂಡೆಯ ಬೂದು ಹುಳ, ದಾರಕ್ಕಿಂತ ದಪ್ಪ ಬೇಡ. ನೀರಿನಲ್ಲಿ ತೊಳೆಯಬೇಕು. ಮೂಗಿನ ಮುಂದೆ ಬಿಟ್ಟು ಸುಮ್ಮನಿರಬೇಕು. ವಾರಕ್ಕೆ ಮೂರು ಸಲ ಸಾಕು. ಎಲ್ಲವನ್ನೂ ಮರಳಿ ಹೇಳಿ ಒಪ್ಪಿಸಿದರು. "ಸೋಮಾರ ಮಾತ್ರ ನೆಲಾ ಕೆದರಂಗಿಲ್ಲ ನೋಡು. ಅವತ್ತ ಎತ್ತಿಗೂ ಬಿಡುವು, ಇದಕ್ಕೂ ಒಪ್ಪತ್ತು," ಅಂದರು. ನನಗೆ ಅಳುವಿನಲ್ಲೂ ನಗು ಬಂತು.

ಇಂಡಿಗೆ ಹೋದ ಮೂರನೆಯ ದಿನ ಫೋನ್ ಮಾಡಿದೆ. ಹಾಕಿದೆ, ತಿನ್ನಲಿಲ್ಲ ಅಂದರು. ಐದನೆಯ ದಿನ ಮಾಡಿದೆ. ತಿನ್ನವಲ್ದು ಅಂದರು. ಹುಳ ಕೆಂಪೇನು? ಅಲ್ಲ, ಬೂದು. ಎಲ್ಲಿಯದು? ಹಳ್ಳದ್ದು. ತೊಳೆದಿರಾ? ತೊಳೆದೆ. ಹಾಗಾದರೆ ಏಕೆ ತಿನ್ನುವುದಿಲ್ಲ? ಅವರ ದನಿ ದಿನದಿಂದ ದಿನಕ್ಕೆ ಸಣ್ಣದಾಗುತ್ತಿತ್ತು, ನನ್ನದು ಏರುತ್ತಿತ್ತು. ಹತ್ತು ದಿನ ಹೀಗೇ ಹೋದವು. ನನಗೆ ಅನ್ನ ಇಳಿಯಲಿಲ್ಲ. "ಗಂಡನ್ನ ಬಿಟ್ಟು ಬಂದಾಳಂತ ಸೊರಗ್ಯಾಳ," ಅಂತ ಓಣಿಯವರು ಅವ್ವನ ಮುಂದೆ ಮರುಗಿದರು. ಅವ್ವ ಹಣೆ ಬಡಿದುಕೊಂಡಳು.

ಹನ್ನೊಂದನೆಯ ದಿನ ರವಿವಾರ, ಗಂಡನಿಗೆ ರಜೆ. ವಿಡಿಯೊ ಕಾಲ್ ಮಾಡಿಸಿ, ಅತ್ತೆ ಹುಳ ಹಾಕುವುದನ್ನು ಹತ್ತಿರದಿಂದ ತೋರಿಸಿರಿ ಅಂದೆ. ಅವರು ಮೊಬೈಲನ್ನು ದೂರ ಹಿಡಿದು ಮುಖ ತಿರುಗಿಸಿಕೊಂಡು ನಿಂತಿರಬೇಕು, ಚಿತ್ರ ಓಲಾಡುತ್ತಿತ್ತು. ಅತ್ತೆಯ ಕೈ ಕಂಡಿತು, ಬೆರಳಿನಲ್ಲಿ ಹುಳ ಕಂಡಿತು. ಹುಳ ಬೂದು ಇರಲಿಲ್ಲ, ಬೆಳ್ಳಗಿತ್ತು. ಬಿಟ್ಟ ಕೂಡಲೇ ಸೊಟ್ಟಗೆ ಸೆಟೆದು ಬಿದ್ದುಕೊಂಡಿತು, ಹೊರಳಲಿಲ್ಲ. ನ್ಯೂಟ್ ಅದರ ಪಕ್ಕದಲ್ಲೇ ಕಡ್ಡಿಯಂತೆ ಕೂತಿತ್ತು, ಮೂತಿಯ ಮೇಲೆಲ್ಲ ಬಿಳಿ ಪುಡಿ.

"ಅತ್ತೀ, ಏನ ಹಚ್ಚೀರಿ ಅದಕ್ಕ?"

ಅತ್ತೆಯ ಕೈ ಸರಕ್ಕನೆ ಚಿತ್ರದಿಂದ ಆಚೆ ಸರಿಯಿತು.

"ಏನ ಹಚ್ಚೀರಿ ಅಂತ ಕೇಳಾಕತ್ತೇನಿ!"

"ವಿಭೂತಿ," ಅಂದರು. "ಜೀವ ಹೋಗೂ ಮುಂದ ಅದಕ್ಕೊಂದೀಟು... ಹಂಗ ಬರೇ ಹಣಿಲೇ ಕಳಸೂದು ಹೆಂಗ, ಅಂತ."

ಬೂದಿ! ಎರೆಹುಳದ ಹಸಿ ಮೈಗೆ ಬೂದಿ ಹತ್ತಿದರೆ ಅದು ಅಲ್ಲೇ ಸೆಟೆಯುತ್ತದೆ. ಸೆಟೆದ ಹುಳ ಹೊರಳುವುದಿಲ್ಲ, ಹೊರಳದ್ದು ನ್ಯೂಟಿನ ಕಣ್ಣಿಗೆ ಹುಳವೇ ಅಲ್ಲ. ಮೇಲಾಗಿ ಚರ್ಮದಲ್ಲೂ ಉಸಿರಾಡುವ ಪ್ರಾಣಿಗೆ ಆ ಪುಡಿ ತಾಗಿದರೆ ಉರಿ. ಇದನ್ನೆಲ್ಲ ಸಮಾಧಾನದಿಂದ ಹೇಳಬಹುದಿತ್ತು. ಹೇಳಿದ್ದರೆ ನಾನು ನಾನಾಗುತ್ತಿರಲಿಲ್ಲ.

"ಕೊಂದ್ರಿ ನೀವು ಅದನ್ನ!" ಅಂತ ಕಿರುಚಿದೆ. "ಹುಳಕ್ಕ ಪುಣ್ಯಾ ಕೊಡಾಕ ಹೋಗಿ ನನ್ನ ಜೀವದಂಥಾದ್ದನ್ನ ಕೊಂದ್ರಿ! ಬೇಕಂತ ಮಾಡೀರಿ!"

ಫೋನ್ ಕಟ್ಟಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಕಂತ ಮಾಡಿದರು ಅಂದೆನಲ್ಲ, ಆ ಒಂದು ಮಾತು ನನ್ನನ್ನೇ ಚುಚ್ಚತೊಡಗಿತು. ಇರುವೆಗೆ ದಾರಿ ಬಿಡುವ ಹೆಂಗಸು ನನ್ನ ಅಳು ನೋಡಲಾರದೆ ಹಳ್ಳಕ್ಕೆ ಹೋಗಿ ಹುಳ ಹೆಕ್ಕಿ ತಂದದ್ದು. ಒಳಗೆ ಎಷ್ಟು ಸಂಕಟ ಪಟ್ಟಿರಬೇಕು. ಮತ್ತೆ ಫೋನ್ ಮಾಡಿದೆ, ಯಾರೂ ಎತ್ತಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು. "ಆಷಾಢದಾಗ ಹೋಗ್ತಿ? ಮಂದಿ ಏನಂದಾರು? ನಿಮ್ಮತ್ತಿಗೆ ಏನರ ಆದ್ರ ನಿನ್ನ ಹೆಸರಿಗೆ ಬರತೈತಿ!"

"ಅವರಿಗೆ ಆಗೂದು ನಿನ್ನೇನ ಆಗೈತಿ ಬೇ, ನನ್ನ ಬಾಯಿಲೇ," ಅಂದು ಹೊರಟುಬಿಟ್ಟೆ.

ವಿಜಯಪುರದಲ್ಲಿ ಬಸ್ ಬದಲಿಸಿದೆ. ಬಾಗೇವಾಡಿಯ ಬಸ್ಸು ಕಂಡಕಂಡಲ್ಲಿ ನಿಂತಿತು. ಕೈ ಮಾಡಿದವರಿಗೂ ನಿಂತಿತು, ಮಾಡದವರಿಗೂ ನಿಂತಿತು. ಕಂಡಕ್ಟರನಿಗೆ, "ಜಲ್ದಿ ಹೋಗಾಕ ಹೇಳ್ರೀ, ಮನ್ಯಾಗ ಸೀರಿಯಸ್ ಐತಿ," ಅಂದೆ. "ಯಾರಿಗ್ರಿ ಅಕ್ಕಾರ?" ಅಂತ ಅವರು ಕೇಳಿದರು. ಏನು ಹೇಳಲಿ? ಹೊರಗೆ ಮೋಡ ಕವಿದು ಗಾಳಿ ತಂಪಾಗಿತ್ತು, ನನಗೆ ಮಾತ್ರ ಮೈಯೆಲ್ಲ ಬೆವರು.

ಮನೆ ಮುಟ್ಟಿದಾಗ ಬಾಗಿಲು ತೆರೆದಿತ್ತು. ಚಪ್ಪಲಿ ಬಿಟ್ಟು ಹೊಸ್ತಿಲಿಗೆ ಕಾಲಿಡಬೇಕು, ಒಳಗಿನಿಂದ ಅತ್ತೆ ಕೈ ಅಡ್ಡ ಹಿಡಿದರು.

"ಅಲ್ಲೇ ನಿಲ್ಲು. ಒಳಗ ಬರಬ್ಯಾಡ."

ಸರಿ, ಮುಗಿಯಿತು ಈ ಮನೆಯ ಋಣ ಅಂದುಕೊಂಡೆ. ತಪ್ಪಾಯಿತು ಅನ್ನಲು ಬಾಯಿ ತೆರೆಯುವಷ್ಟರಲ್ಲಿ ಅವರು ಒಳಗೆ ಹೋದರು. ಮರಳಿ ಬಂದಾಗ ಎರಡೂ ಕೈಯಲ್ಲಿ ಒಂದು ದೊಡ್ಡ ಬೋಗುಣಿ ಇತ್ತು, ಒದ್ದೆ ಪಾಚಿ ಹಾಸಿದ್ದು. ಅದರಲ್ಲಿ ನ್ಯೂಟ್ ಕೂತಿತ್ತು. ಜೀವವಿತ್ತು! ಗಂಟಲ ಚರ್ಮ ಪಟಪಟ ಬಡಿದುಕೊಳ್ಳುತ್ತಿತ್ತು. ಮೈಮೇಲೆ ಒಂದು ಚೂರೂ ಪುಡಿ ಇರಲಿಲ್ಲ. ಅತ್ತೆ ನನ್ನ ಪಕ್ಕದಿಂದ ಹಾದು, ಅಂಗಳ ದಾಟಿ, ಬೀದಿಯ ಬೇವಿನ ಗಿಡದ ಕಟ್ಟೆಯ ಮೇಲೆ ಬೋಗುಣಿ ಇಟ್ಟು ಕೂತರು.

"ಬಾ ಇಲ್ಲೆ. ಒಂದ ಮಾಡಿನ ಕೆಳಗ ಇರಬಾರದಂತ ಹೇಳ್ಯಾರ. ಗಿಡದ ಕೆಳಗ ಕೂಡಬಾರದಂತ ಯಾರೂ ಹೇಳಿಲ್ಲ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಹೋಗಿ ಬೋಗುಣಿಯ ಆಚೆ ಕೂತೆ.

"ನಿನ್ನೆ ನಾ ಬಾಯಿಗೆ ಬಂದಂಗ ಮಾತಾಡಿನ್ರಿ, ಅತ್ತಿ..."

"ಅದಿರಲಿ. ನೀ ಫೋನ್‌ನ್ಯಾಗ ಒದರಿದ ಮ್ಯಾಲ ಇದಕ್ಕ ತಣ್ಣೀರಿಲೇ ಮೈ ತೊಳದೇನಿ, ಮೂರು ಸಲ. ಹುಳಾನೂ ನಿನ್ನೆನ ತಂದಿಟ್ಟೇನಿ, ಬೂದಿ ಹಚ್ಚಿಲ್ಲ. ಇವತ್ತ ಸೋಮಾರ ಇದ್ರೂ ಇದಕ್ಕ ಒಪ್ಪತ್ತು ಬ್ಯಾಡ. ಆದ್ರ ಹಾಕಾಕ ಕೈ ಬರವಲ್ದವಾ." ಮಡಿಲಿನಿಂದ ಒದ್ದೆ ಮಣ್ಣು ತುಂಬಿದ ಬಟ್ಟಲು ತೆಗೆದರು. "ಹಚ್ಚಿದ್ರ ದೇವರ ಕೈಯಾಗ ಕೊಟ್ಟೇನಿ ಅಂತ ಸಮಾಧಾನ ಇರತಿತ್ತು. ಈಗ ಬರೇ ನಾ ಕೊಟ್ಟಂಗ ಆಗತೈತಿ."

"ನಾ ಹಾಕ್ತೇನಿ, ಕೊಡ್ರಿ."

"ಇವತ್ತ ನೀ ಹಾಕ್ತಿ. ನಾಡದ? ಆಷಾಢ ಇನ್ನಾ ಭಾಳ ಐತಿ." ಬಟ್ಟಲನ್ನು ನನ್ನ ಕೈಗೆ ಕೊಡಲಿಲ್ಲ.

ಮಣ್ಣಿನಿಂದ ಒಂದು ಹುಳವನ್ನು ಎತ್ತಿದರು. ಸಪೂರ, ಬೂದು, ಜೀವ ತುಂಬಿ ಬೆರಳಿಗೆ ಸುತ್ತಿಕೊಳ್ಳುತ್ತಿತ್ತು. ಅವರ ತುಟಿ ಅಲುಗಿದವು, ದನಿ ಹೊರಡಲಿಲ್ಲ. ಹುಳವನ್ನು ಪಾಚಿಯ ಮೇಲೆ, ಮೂತಿಗೆ ಎರಡು ಬೆರಳು ದೂರದಲ್ಲಿ ಬಿಟ್ಟರು. ಕಣ್ಣು ಮುಚ್ಚಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮುಚ್ಚಿಕೊಳ್ಳಲಿಲ್ಲ.

ಹುಳ ಹೊರಳಿತು. ನ್ಯೂಟ್ ಕೂತೇ ಇತ್ತು. ಹುಳ ಪಾಚಿಯೊಳಗೆ ತಲೆ ತೂರಿಸಿತು, ಇನ್ನೇನು ಇಳಿದು ಮಾಯವಾಗುತ್ತದೆ. ಅತ್ತೆ ಬೆರಳಿನಿಂದ ಮೆಲ್ಲಗೆ ಅದನ್ನು ಹೊರಗೆಳೆದರು. ಮತ್ತೆ ಹೊರಳಿತು. ನ್ಯೂಟಿನ ತಲೆ ಎದ್ದಿತು. ನಾನು ಅತ್ತೆಯ ಮಣಿಕಟ್ಟು ಹಿಡಿದುಕೊಂಡೆ, ಬಳೆ ಸಮೇತ. ಒಂದು ಹೆಜ್ಜೆ ಇಟ್ಟಿತು. ಕಾಲು ತಡವರಿಸಿತು, ಬೀಳುವಂತಾಯಿತು, ಮತ್ತೆ ನಿಂತಿತು. ಇನ್ನೊಂದು ಹೆಜ್ಜೆ. ಕುತ್ತಿಗೆ ವಾರೆ ಮಾಡಿ ನೋಡಿತು, ನೋಡುತ್ತಲೇ ಇತ್ತು. ಬೀದಿಯಲ್ಲಿ ಹಾಲಿನ ಕ್ಯಾನಿನ ಬೈಕೊಂದು ಸದ್ದು ಮಾಡುತ್ತಾ ಹೋಯಿತು. ಅತ್ತೆ ಅದಕ್ಕೆ ಹಿಡಿಶಾಪ ಹಾಕಿದರು, ನಾನು ಅವರ ಬಾಯಿಂದ ಅಂಥ ಮಾತು ಕೇಳಿದ್ದು ಅದೇ ಮೊದಲು.

ಫಟ್!

"ಹಿಡೀತು! ಹಿಡೀತು ನೋಡ! ಏ, ಹಿಡೀತವಾ!" ಕೂಗಿದ್ದು ನಾನಲ್ಲ, ಅತ್ತೆ. ಸೆರಗು ಜಾರಿದ್ದೂ ತಿಳಿಯದೆ ಬೋಗುಣಿಯ ಮೇಲೆ ಬಗ್ಗಿದ್ದರು. "ಬಿಡಬ್ಯಾಡ, ಹೂಂ, ನುಂಗು, ಕಾಲಿಲೇ ದಬ್ಬಕೋ, ಹಾಂ, ಹಂಗ!" ನ್ಯೂಟ್ ತಲೆ ಕೊಡವುತ್ತಾ, ಮುಂಗಾಲಿನಿಂದ ತಳ್ಳಿಕೊಳ್ಳುತ್ತಾ, ಎರಡೂ ಕಣ್ಣು ಒಳಗೆಳೆದು ನುಂಗಿತು. ಇನ್ನೊಂದನ್ನು ಅವರೇ ಬಿಟ್ಟರು. ಅದನ್ನೂ ನುಂಗಿತು. ಮೂರನೆಯದನ್ನೂ. ಎದುರು ಮನೆಯವರು ಏನಾಯಿತೋ ಅಂತ ಹೊರಗೆ ಓಡಿ ಬಂದರು. ಅತ್ತೆ ಅವರಿಗೆ, "ಏನಿಲ್ಲ, ಊಟಾ ಮಾಡತೈತಿ," ಅಂದರು.

ನಾನು ಕುಣಿಯುವುದೊಂದು ಬಾಕಿ. ಆದರೆ ಅತ್ತೆ ಬಟ್ಟಲಿನ ಮಣ್ಣನ್ನು ಬೆರಳಿನಿಂದ ಮೆಲ್ಲಗೆ ತಟ್ಟಿ ಸಮ ಮಾಡಿದರು. ನಾನು ತಪ್ಪಾಯಿತು ಅನ್ನುವ ಮಾತನ್ನು ಮತ್ತೆ ಶುರು ಮಾಡಿದೆ.

"ಕೊಂದ್ರಿ ಅಂದ್ಯಲ್ಲ ನಿನ್ನೆ," ಅಂದರು ಅವರು. "ಖರೇನ ಅಂದಿ. ಕೊಂದೇನಿ. ಹತ್ತು ದಿನಾ ಹುಳದ ಮ್ಯಾಲ ಹುಳಾ ಕೊಂದು, ಹಸದದ್ದನ್ನೂ ಹಸಿವಿಲೇ ಕೊಲ್ಲಾಕ ಹತ್ತಿದ್ದೆ. ಇವತ್ತೂ ಮೂರು ಕೊಂದೇವಿ. ಇದನ್ನ ಸಾಕತೀವಿ ಅಂದಮ್ಯಾಲ ನಾಳೆನೂ ಕೊಲ್ಲೂದ ಐತಿ."

ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದರು. ಮಣ್ಣು ಮೆತ್ತಿದ ಬೆರಳನ್ನು ಸೆರಗಿಗೆ ಒರೆಸಿ, ತೀಡಿ, ಮೊದಲು ತಮ್ಮ ಹಣೆಗೆ ಎಳೆದುಕೊಂಡರು. ಆಮೇಲೆ ನನ್ನ ಗದ್ದ ಹಿಡಿದು ನನ್ನ ಹಣೆಗೂ ಎಳೆದರು, ಗಟ್ಟಿಯಾಗಿ, ಈ ಕಿವಿಯಿಂದ ಆ ಕಿವಿಯವರೆಗೆ.

"ಬೂದಿ ನಮಗ ಹತ್ತಬೇಕಾಗಿ ಇತ್ತು," ಅಂದರು. "ಆ ಬಡಪಾಯಿ ಹುಳಾ ಏನ ಮಾಡಿತ್ತು?"